ಆಗಿದೆ, ಆಗಿಲ್ಲ, ಗೊತ್ತಿಲ್ಲ

ನಾನು ಟೆಕ್ನಿಕಲ್ ರೈಟರ್ ಅಂತ ಕೋಲಾರದಲ್ಲಿ ಯಾರಿಗಾದರೂ ಹೇಳಿದರೆ ಮುಂದಿನ ಪ್ರಶ್ನೆ ಒಂದೇ. "ಯಾವ ಸ್ಟೇಷನ್ನು?" ನಮ್ಮ ಕಡೆ ರೈಟರ್ ಅಂದರೆ ಪೊಲೀಸ್ ಸ್ಟೇಷನ್ನಿನ ರೈಟರ್, ಕಂಪ್ಲೇಂಟ್ ಬರೆದುಕೊಳ್ಳುವವರು. ಮೊದಮೊದಲು ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ. ಯೋಚಿಸಿದರೆ ನಾನು ಮಾಡುವುದೂ ಅಂಥದ್ದೇ. ಏನಾಯಿತು, ಯಾವಾಗ ಆಯಿತು, ಯಾರ ದುಡ್ಡು ಎಲ್ಲಿಗೆ ಹೋಯಿತು ಅಂತ ಎರಡು ಅರ್ಥ ಬಾರದ ಹಾಗೆ ಬರೆಯಬೇಕು.

ಸಾಫ್ಟ್‌ವೇರ್ ಬಳಸುವುದು ಹೇಗೆ ಅಂತ ಕೈಪಿಡಿ ಬರೆಯುವುದು ನನ್ನ ಕೆಲಸ. ಕೆಲವು ತಿಂಗಳಿಂದ ಬರೆಯುತ್ತಿರುವುದು ಒಂದು ವಿಚಿತ್ರ ಟೂಲ್ ಬಗ್ಗೆ. ಎಐ ಏಜೆಂಟ್‌ಗಳು, ಅಂದರೆ ಹೇಳಿದ ಕೆಲಸವನ್ನು ತಾವೇ ಮಾಡಿ ಮುಗಿಸುವ ಪ್ರೋಗ್ರಾಂಗಳು, ತಮ್ಮತಮ್ಮಲ್ಲೇ ಕೆಲಸ ಕೊಟ್ಟು ಕೆಲಸ ತೆಗೆದುಕೊಳ್ಳುತ್ತವೆ. ಅದರ ದುಡ್ಡನ್ನು ಬ್ಲಾಕ್‌ಚೈನ್ (ಎಷ್ಟೋ ಕಂಪ್ಯೂಟರುಗಳು ಒಟ್ಟಿಗೆ ಬರೆದಿಟ್ಟುಕೊಳ್ಳುವ ಲೆಕ್ಕದ ಪುಸ್ತಕ) ಮೇಲೆ ಹಿಡಿದಿಟ್ಟುಕೊಂಡು, ಕೆಲಸ ಮುಗಿದ ಮೇಲೆ ನೂರಾರು ಪಾವತಿಗಳನ್ನು ಒಂದೇ ಕಟ್ಟಿನಲ್ಲಿ ಚುಕ್ತಾ ಮಾಡುವ ಟೂಲ್ ಇದು. ಎಸ್ಕ್ರೋ ಬ್ಯಾಚ್ ಸೆಟಲ್‌ಮೆಂಟ್ ಅನ್ನುತ್ತಾರೆ. ಕಂಪನಿಯ ಹೆಸರು ಬೇಡ. ಇಂಜಿನಿಯರುಗಳೆಲ್ಲ ಬೆಂಗಳೂರಿನಲ್ಲಿ. ನಾನು ಇಲ್ಲಿ ಮನೆಯ ಮಹಡಿ ಮೇಲೆ, ಕಿಟಕಿಯಾಚೆ ಅಂತರಗಂಗೆ ಬೆಟ್ಟ, ಕೆಳಗೆ ಅಮ್ಮ. ಒಂದು ದಿನ ಕಾಲ್‌ನಲ್ಲಿ ಜೋರಾಗಿ "ಗ್ಯಾಸ್ ತುಂಬಾ ಜಾಸ್ತಿ ಆಗ್ತಿದೆ, ಕಡಿಮೆ ಮಾಡಲೇಬೇಕು" ಅಂತ ಅಂದಿದ್ದೇ ತಡ, ಹತ್ತು ನಿಮಿಷದಲ್ಲಿ ಓಂಕಾಳಿನ ಕಷಾಯ ಮೇಲಕ್ಕೆ ಬಂತು. ಬ್ಲಾಕ್‌ಚೈನ್‌ನಲ್ಲಿ ಪ್ರತಿ ಕೆಲಸಕ್ಕೂ ಕೊಡುವ ಕೂಲಿಯ ಅಳತೆಗೆ ಗ್ಯಾಸ್ ಅನ್ನುತ್ತಾರೆ ಅಂತ ಅಮ್ಮನಿಗೆ ಹೇಳಲು ಹೋಗಲಿಲ್ಲ. ಕುಡಿದೆ.

ಎಸ್ಕ್ರೋ ಅನ್ನುವ ಪದಕ್ಕೆ ಒಳ್ಳೆಯ ಕನ್ನಡ ಇಲ್ಲ ಅಂತ ನನಗೆ ಅನಿಸಿತ್ತು. ಪದ ಹುಡುಕುತ್ತಾ ಚಿಕ್ಕಪ್ಪನ ಹತ್ತಿರ ಹೋದೆ. ಅವರು ಟೊಮೆಟೊ ಮಂಡಿಯಲ್ಲಿ ಗುಮಾಸ್ತ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಲೆಕ್ಕ ಬರೆದೇ ಕೂದಲು ಬೆಳ್ಳಗಾದವರು. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 15 ಕೆಜಿಯ ಬಾಕ್ಸ್ ಲೆಕ್ಕದಲ್ಲಿ ಹರಾಜು. 2023ರ ಜುಲೈಯಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆ ದಿನಗಳಲ್ಲಿ ಚಿಕ್ಕಪ್ಪನ ಮುಖದಲ್ಲಿ ಖುಷಿಗಿಂತ ಭಯವೇ ಜಾಸ್ತಿ ಇತ್ತು. ಒಂದು ಬಾಕ್ಸ್ ಲೆಕ್ಕ ತಪ್ಪಿದರೂ ಎರಡು ಸಾವಿರದ ಮಾತು.

ಅವರಿಗೆ ಹೀಗೆ ಹೇಳಿದೆ. ಒಂದು ಏಜೆಂಟ್‌ಗೆ ನೂರು ಪುಟದ ಅನುವಾದ ಬೇಕು. ಇನ್ನೊಂದು ಏಜೆಂಟ್ ಮಾಡಿಕೊಡುತ್ತೆ. ಇಬ್ಬರಿಗೂ ಪರಿಚಯ ಇಲ್ಲ. ಮೊದಲು ದುಡ್ಡು ಕೊಟ್ಟರೆ ಕೆಲಸ ಬರದೇ ಇರಬಹುದು, ಮೊದಲು ಕೆಲಸ ಕೊಟ್ಟರೆ ದುಡ್ಡು ಬರದೇ ಇರಬಹುದು. ಅದಕ್ಕೆ ನಡುವೆ ಒಂದು ಪೆಟ್ಟಿಗೆ. ದುಡ್ಡು ಮೊದಲೇ ಪೆಟ್ಟಿಗೆಗೆ ಬೀಳುತ್ತೆ, ಕೆಲಸ ಸರಿಯಾಗಿ ಬಂದರೆ ಮಾಡಿದವನಿಗೆ ಹೋಗುತ್ತೆ, ಗಡುವು ಮುಗಿದರೂ ಬರದಿದ್ದರೆ ಕೊಟ್ಟವನಿಗೆ ವಾಪಸ್. ಪೆಟ್ಟಿಗೆಯ ಬೀಗ ಯಾರ ಕೈಯಲ್ಲೂ ಇಲ್ಲ, ಒಂದು ಪ್ರೋಗ್ರಾಂ ಕೈಯಲ್ಲಿದೆ, ಅದಕ್ಕೆ ಕಾಂಟ್ರಾಕ್ಟ್ ಅನ್ನುತ್ತಾರೆ.

"ಹಾಗಾದ್ರೆ ಅದು ಸಾಲ ಇಲ್ಲದ ಮಂಡಿ" ಅಂದರು ಚಿಕ್ಕಪ್ಪ.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿದರು. ಅವರ ಮಂಡಿಯಲ್ಲಿ ಹೊರರಾಜ್ಯದ ವ್ಯಾಪಾರಿ ಮಾಲು ಎತ್ತಿಕೊಂಡು ಹೋಗುತ್ತಾನೆ, ದುಡ್ಡು ಕಳಿಸುವುದು ಕೆಲವು ದಿನ ಬಿಟ್ಟು. ರೈತ ಅಷ್ಟು ಕಾಯುವುದಿಲ್ಲ, ಅವನಿಗೆ ಅಂದೇ ಬಿಲ್ಲು ಅಂದೇ ದುಡ್ಡು ಬೇಕು. ನಡುವಿನ ಆ ಕೆಲವು ದಿನದ ಭಾರವನ್ನು ಮಂಡಿ ಸಾಹುಕಾರರು ಹೊರುತ್ತಾರೆ. ವ್ಯಾಪಾರಿ ಯಾರು, ಅವನ ಅಪ್ಪ ಯಾರು, ಹೋದ ವರ್ಷ ಹೇಗೆ ನಡೆದುಕೊಂಡ ಅನ್ನುವುದೆಲ್ಲ ಅವರಿಗೆ ಗೊತ್ತು, ಅದಕ್ಕೇ ಹೊರುತ್ತಾರೆ. "ನಿಮ್ಮ ಏಜೆಂಟ್‌ಗೆ ಅಪ್ಪ ಇಲ್ಲ, ಊರಿಲ್ಲ. ಅದಕ್ಕೆ ದುಡ್ಡು ಮೊದಲೇ ಇಡಿಸ್ಕೊತೀರಿ, ಅಷ್ಟೇ ಅಲ್ವಾ?"

ಅಷ್ಟೇ. ಎರಡು ವಾರ ಒದ್ದಾಡಿ ನಾನು ಬರೆದಿದ್ದ ಮುನ್ನುಡಿಗಿಂತ ಇದು ಚೆನ್ನಾಗಿತ್ತು. ಎಸ್ಕ್ರೋ ಪದವನ್ನು ಹಾಗೇ ಇಟ್ಟುಕೊಂಡೆ.

ಇಷ್ಟಕ್ಕೂ ಏಜೆಂಟ್‌ಗಳು ದುಡ್ಡು ಕೊಡುವುದು ಯಾಕೆ ಅಂತ ಕೇಳುವವರಿಗೆ ಒಂದು ಸಣ್ಣ ಕಥೆ. ವೆಬ್‌ನಲ್ಲಿ 404 ಅಂದರೆ ಪುಟ ಸಿಗಲಿಲ್ಲ ಅಂತ ಎಲ್ಲರಿಗೂ ಗೊತ್ತು. ಅದರಿಂದ ಎರಡು ಮನೆ ಹಿಂದೆ 402 ಇದೆ, ದುಡ್ಡು ಕಟ್ಟಬೇಕು ಅಂತ ಅದರ ಅರ್ಥ. 1997ರಲ್ಲಿ ಎಚ್‌ಟಿಟಿಪಿ 1.1 ನಿಯಮ ಬರೆದವರು ಅದನ್ನು ಮುಂದೆ ಬೇಕಾದಾಗ ಬಳಸೋಣ ಅಂತ ಎತ್ತಿಟ್ಟರು. ಬೇಲಿ ಹಾಕಿಟ್ಟ ಸೈಟಿನ ಹಾಗೆ ಅದು ಸುಮ್ನೆ ಬಿದ್ದಿತ್ತು. 2025ರಲ್ಲಿ ಕಾಯಿನ್‌ಬೇಸ್ ಅನ್ನುವ ಕ್ರಿಪ್ಟೋ ಕಂಪನಿಯವರು ಎಕ್ಸ್402 ಅನ್ನುವ ಪದ್ಧತಿಯನ್ನು ಅದರ ಮೇಲೆ ಕಟ್ಟಿದರು. ಏಜೆಂಟ್ ಏನೋ ಕೇಳುತ್ತೆ, ಸರ್ವರ್ 402 ಅಂತ ಬೆಲೆ ಹೇಳುತ್ತೆ, ಏಜೆಂಟ್ ಸಹಿ ಮಾಡಿದ ಪಾವತಿಯ ಜೊತೆ ಮತ್ತೆ ಕೇಳುತ್ತೆ, ಕೆಲಸ ಆಗುತ್ತೆ. ಒಂದೊಂದು ಸಲಕ್ಕೆ ಕೆಲವು ಪೈಸೆ ಇದ್ದರೂ ಇರಬಹುದು.

ಕೆಲವು ಪೈಸೆಯ ಪಾವತಿಗೆ ಪ್ರತಿ ಸಲ ಬ್ಲಾಕ್‌ಚೈನಿಗೆ ಹೋಗಿ ಬಂದರೆ ಬಸ್ ಚಾರ್ಜೇ ಜಾಸ್ತಿ. ಅದಕ್ಕೆ ಬ್ಯಾಚ್. ಇದು ಹೊಸದೇನಲ್ಲ, ನಮ್ಮ ನೆಫ್ಟ್ ನಡೆಯುವುದೇ ಹೀಗೆ. ನಾವು ಬ್ಯಾಂಕಿನ ಆ್ಯಪ್‌ನಲ್ಲಿ ಒತ್ತಿದ ಕೂಡಲೇ ದುಡ್ಡು ಒಂದೊಂದಾಗಿ ಹೋಗುವುದಿಲ್ಲ. ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಕಟ್ಟುಗಳಲ್ಲಿ ಹೋಗುತ್ತೆ, 2019ರ ಡಿಸೆಂಬರ್‌ನಿಂದ ರಾತ್ರಿಯೂ ಹೋಗುತ್ತೆ. ಒಂದೊಂದನ್ನೇ ಆಗಿಂದಾಗ್ಗೆ ಚುಕ್ತಾ ಮಾಡುವುದು ಆರ್‌ಟಿಜಿಎಸ್. ಡಾಕ್ಯುಮೆಂಟ್‌ನಲ್ಲಿ ಈ ಹೋಲಿಕೆ ಹಾಕಿದೆ. ಓದುವವರು ಅಮೆರಿಕದಲ್ಲೂ ಇರುತ್ತಾರೆ ಅಂತ ತೆಗೆಸಿದರು. ಇಲ್ಲಿ ಹಾಕುತ್ತಿದ್ದೇನೆ, ನನ್ನ ಜಾಗ ಇದು.

ಮೊದಲ ತಪ್ಪು ಬರೆದಿದ್ದು ಈ ಖರ್ಚಿನ ವಿಷಯದಲ್ಲೇ. ಇಥೀರಿಯಂ ಅನ್ನುವ ಬ್ಲಾಕ್‌ಚೈನ್‌ನಲ್ಲಿ ಯಾವ ವ್ಯವಹಾರಕ್ಕಾದರೂ ಕನಿಷ್ಠ 21,000 ಗ್ಯಾಸ್ ಬೀಳುತ್ತೆ, ಅದು ಬಾಗಿಲು ತೆರೆಯುವ ಚಾರ್ಜು. ನೂರು ಪಾವತಿ ಬೇರೆಬೇರೆ ಕಳಿಸಿದರೆ ಬಾಗಿಲಿಗೇ 21 ಲಕ್ಷ. ಒಂದೇ ಕಟ್ಟಿನಲ್ಲಿ ಕಳಿಸಿದರೆ ಬಾಗಿಲು ಒಂದೇ ಸಲ. ಇದನ್ನು ನೋಡಿ ನಾನು ಉತ್ಸಾಹದಲ್ಲಿ ಖರ್ಚು ನೂರರಲ್ಲಿ ಒಂದಕ್ಕೆ ಇಳಿಯುತ್ತೆ ಅಂತ ಬರೆದುಬಿಟ್ಟೆ. ಸುಳ್ಳು. ಯಾರಿಗೆ ಕೊಡುತ್ತೀವೋ ಅವರ ಖಾತೆಯಲ್ಲಿ ಮೊತ್ತ ಬರೆಯಬೇಕಲ್ಲ, ಆ ಬರವಣಿಗೆಯ ಖರ್ಚು ಕಟ್ಟು ಕಟ್ಟಿದರೂ ತಪ್ಪುವುದಿಲ್ಲ. ಮೊದಲು ಸೊನ್ನೆ ಇದ್ದ ಖಾತೆಗೆ ಬರೆಯುವುದಾದರೆ ಅದೇ 20,000ಕ್ಕಿಂತ ಮೇಲೆ. ಲಾರಿ ಒಂದೇ ಆದರೂ ಬಾಕ್ಸ್ ಇಳಿಸುವ ಹಮಾಲಿ ಬಾಕ್ಸಿಗೊಂದೇ ಲೆಕ್ಕ. ಉಳಿತಾಯ ಇದೆ, ಆದರೆ ಇಂತಿಷ್ಟೇ ಅಂತ ಎದೆ ತಟ್ಟಿ ಹೇಳುವ ಹಾಗಿಲ್ಲ. ಇಂಜಿನಿಯರೊಬ್ಬರು ಆ ಸಾಲಿನ ಪಕ್ಕ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಆಮೇಲೆ ಲಾರಿಯ ಪ್ರಶ್ನೆ ಬಂತು. ಮೊದಲ ಆವೃತ್ತಿಯಲ್ಲಿ ಕಟ್ಟು ಅಂದರೆ ಕಟ್ಟು, ನೂರರಲ್ಲಿ ಒಂದು ಕೆಟ್ಟರೂ ನೂರೂ ವಾಪಸ್. ಲೆಕ್ಕದ ಚೊಕ್ಕತನಕ್ಕೆ ಒಳ್ಳೆಯದೇ. ಚಿಕ್ಕಪ್ಪನಿಗೆ ಹೇಳಿದಾಗ ನಕ್ಕರು. "ಒಬ್ಬ ರೈತನ ಹತ್ತು ಬಾಕ್ಸ್ ಕೊಳೆತಿದ್ರೆ ಇಡೀ ಲಾರಿ ವಾಪಸ್ ಕಳಿಸ್ತೀಯೇನೋ? ಉಳಿದೋರು ಹೊಡೀತಾರೆ." ನಿಜಕ್ಕೂ ಇಲ್ಲೊಂದು ಅಪಾಯ ಇದೆ. ಯುಎಸ್‌ಡಿಸಿ ಅನ್ನುವ ಡಿಜಿಟಲ್ ಡಾಲರ್ ನಾಣ್ಯ ಹೊರಡಿಸುವವರಿಗೆ ಯಾವುದೇ ವಿಳಾಸವನ್ನು, ಅಂದರೆ ಬ್ಲಾಕ್‌ಚೈನ್ ಮೇಲಿನ ಖಾತೆಯನ್ನು, ಕಪ್ಪುಪಟ್ಟಿಗೆ ಸೇರಿಸುವ ಅಧಿಕಾರ ಇದೆ. ಸೇರಿಸಿದ ವಿಳಾಸಕ್ಕೆ ಯಾರು ಕಳಿಸಿದರೂ ವ್ಯವಹಾರ ಮುರಿದುಬೀಳುತ್ತೆ. ಅಂಥ ಒಂದು ವಿಳಾಸವನ್ನು ಯಾರಾದರೂ ಬೇಕಂತಲೇ ಕಟ್ಟಿನೊಳಗೆ ತೂರಿಸಿದರೆ ಉಳಿದ 99 ಜನರ ದುಡ್ಡೂ ನಿಂತುಹೋಗುತ್ತೆ. ಈಗ ಕೆಟ್ಟದ್ದನ್ನು ಮಾತ್ರ ಪಕ್ಕಕ್ಕೆ ಎತ್ತಿಟ್ಟು ಉಳಿದದ್ದನ್ನು ಚುಕ್ತಾ ಮಾಡುತ್ತೆ. ಮಾಡಿದ್ದು ಇಂಜಿನಿಯರುಗಳು, ಆದರೆ ಅದು ಚಿಕ್ಕಪ್ಪನ ಮಾತಿನಿಂದ ಬಂತು ಅಂತ ನಾನು ಮೀಟಿಂಗ್‌ನಲ್ಲಿ ಹೇಳಿದ್ದೇನೆ, ದಾಖಲೆಯಲ್ಲಿದೆ.

ಇನ್ನು ನಿಜವಾದ ಕಥೆ.

ದೋಷ ಬಂದಾಗ ಏನು ಮಾಡಬೇಕು ಅನ್ನುವ ಪುಟದಲ್ಲಿ ನಾನು ಒಂದು ಸಾಲು ಬರೆದಿದ್ದೆ: ಬ್ಯಾಚ್ ಆಗದಿದ್ದರೆ ಹೊಸ ಬ್ಯಾಚ್ ನಂಬರ್ ಹಾಕಿ ಮತ್ತೆ ಕಳಿಸಿ. ಮನುಷ್ಯರಿಗೆ ಇದು ಸಾಕು. ಇಷ್ಟು ವರ್ಷ ಇಂಥ ಸಾಲುಗಳನ್ನೇ ಬರೆದುಕೊಂಡು ಸಂಬಳ ತೆಗೆದುಕೊಂಡಿದ್ದೇನೆ. ಆದರೆ ಈ ಸಲ ಓದುಗ ಮನುಷ್ಯ ಅಲ್ಲ. ನಮ್ಮ ಡಾಕ್ಯುಮೆಂಟನ್ನು ಏಜೆಂಟ್ ನೇರವಾಗಿ ಓದಿ, ಓದಿದ ಹಾಗೆ ಮಾಡುತ್ತೆ. ಪರೀಕ್ಷೆಗೆ ಅಂತ ಸೆಪೋಲಿಯಾ ಅನ್ನುವ ಟೆಸ್ಟ್ ನೆಟ್‌ವರ್ಕ್‌ನಲ್ಲಿ ಒಂದು ಏಜೆಂಟನ್ನು ರಾತ್ರಿಯಿಡೀ ಬಿಟ್ಟಿದ್ದರು. ಅಲ್ಲಿ ಓಡುವುದು ಆಟದ ದುಡ್ಡು, ಪುಣ್ಯ.

ಆಗಿದ್ದು ಇಷ್ಟು. ಏಜೆಂಟ್ ಒಂದು ಬ್ಯಾಚ್ ಕಳಿಸಿತು. ಮೂವತ್ತು ಸೆಕೆಂಡ್ ಕಾದಿತು. ಉತ್ತರ ಬರಲಿಲ್ಲ. ಉತ್ತರ ಬರಲಿಲ್ಲ ಅಂದರೆ ಆಗಲಿಲ್ಲ ಅಂತಲ್ಲ, ಆ ಬ್ಯಾಚ್ ಸರದಿಯಲ್ಲಿ ನಿಂತಿತ್ತು, ಒಂದೆರಡು ನಿಮಿಷ ಬಿಟ್ಟು ಚುಕ್ತಾ ಕೂಡ ಆಯಿತು. ಆದರೆ ಏಜೆಂಟ್ ಅಷ್ಟರಲ್ಲಿ ನನ್ನ ಸಾಲನ್ನು ಓದಿ, ಹೊಸ ನಂಬರ್ ಹಾಕಿ, ಅದೇ ಪಾವತಿಗಳನ್ನು ಮತ್ತೆ ಕಳಿಸಿತ್ತು. ಹಳೆಯ ನಂಬರನ್ನೇ ಹಾಕಿದ್ದರೆ ಇದು ಆಗಲೇ ಬಂದಿದೆ ಅಂತ ಕಾಂಟ್ರಾಕ್ಟ್ ತಳ್ಳಿಹಾಕುತ್ತಿತ್ತು, ನಂಬರ್ ಇರುವುದೇ ಅದಕ್ಕೆ. ಹೊಸ ನಂಬರ್ ಹಾಕು ಅಂತ ಹೇಳಿಕೊಟ್ಟವನು ನಾನು. ಬೆಳಗ್ಗೆ ನೋಡಿದರೆ ಒಂದೇ ಕೆಲಸಕ್ಕೆ ಹದಿನೇಳು ಸಲ ದುಡ್ಡು ಹೋಗಿತ್ತು.

ಮನುಷ್ಯರಾಗಿದ್ದರೆ ಎರಡನೇ ಸಲ ಒತ್ತುವ ಮುಂಚೆ ಎದೆ ಧಸಕ್ ಅನ್ನುತ್ತೆ, ಖಾತೆ ತೆರೆದು ನೋಡುತ್ತಾರೆ, ಯಾರಿಗಾದರೂ ಫೋನ್ ಮಾಡುತ್ತಾರೆ. ನಾನು ಬರೆಯದೇ ಬಿಟ್ಟದ್ದನ್ನು ಓದುಗರು ತಮ್ಮ ಭಯದಿಂದ ತುಂಬಿಕೊಳ್ಳುತ್ತಿದ್ದರು, ಅದು ನನಗೆ ಗೊತ್ತೇ ಇರಲಿಲ್ಲ. ಏಜೆಂಟ್‌ಗೆ ಆ ಧಸಕ್ ಇಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಏಜೆಂಟ್ ಮಾಡಿದ್ದೆಲ್ಲ ದಾಖಲಾಗುವ ಲಾಗ್ ತೆಗೆದು ತೋರಿಸಿದರು, ಅದರಲ್ಲಿ ಎರಡನೇ ಸಲದಿಂದ ಪ್ರತಿ ಸಲದ ಮುಂದೆಯೂ ಕಾರಣ ಅಂತ ನನ್ನದೇ ಸಾಲು ಅಕ್ಷರಕ್ಕೆ ಅಕ್ಷರ ಬರೆದಿತ್ತು. ಹದಿನಾರು ಸಲ ಅದನ್ನು ಓದಿದೆ.

ಮಧ್ಯಾಹ್ನ ಊಟ ಸೇರಲಿಲ್ಲ. ಸಂಜೆ ಡೂಂಲೈಟ್ ಸರ್ಕಲ್ ಕಡೆ ನಡೆದುಕೊಂಡು ಹೋದೆ. ಅಲ್ಲೊಂದು ಗಾಡಿಯಲ್ಲಿ ಮಸಾಲೆ ಪುರಿ ತಿಂದು ಯುಪಿಐ ಮಾಡಿದರೆ ನನ್ನ ಖಾತೆಯಿಂದ ದುಡ್ಡು ಹೋಯಿತು, ಗಾಡಿಯವನ ಡಬ್ಬಿ ಮಾತಾಡಲಿಲ್ಲ. ಫೋನ್‌ನಲ್ಲಿ ಸುತ್ತುತ್ತಿರುವ ಚಕ್ರ. "ಇನ್ನೊಂದ್ಸಲ ಮಾಡಿ ಸಾರ್" ಅಂದ. ಮಾಡಲಿಲ್ಲ. ನಿಂತೆ. ಈ ನಡುವಿನ ಸ್ಥಿತಿಗೂ ನಿಯಮ ಇದೆ: ಅಂಗಡಿಗೆ ಮಾಡಿದ ಯುಪಿಐ ಪಾವತಿ ಅವರಿಗೆ ತಲುಪಿದ್ದು ಖಚಿತವಾಗದಿದ್ದರೆ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು ಅಂತ ಆರ್‌ಬಿಐ 2019ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಅಂದರೆ ಅಲ್ಲಿ ಕೂತ ಯಾರೋ ಒಬ್ಬರು 'ಗೊತ್ತಿಲ್ಲ' ಅನ್ನುವುದಕ್ಕೆ ಒಂದು ಪುಟ ಕೊಟ್ಟಿದ್ದಾರೆ. ನನ್ನ ಡಾಕ್ಯುಮೆಂಟ್‌ನಲ್ಲಿ ಆಗಿದೆ ಮತ್ತು ಆಗಿಲ್ಲ ಎರಡೇ ಇತ್ತು. ಡಬ್ಬಿ ಕೊನೆಗೂ ಕೂಗಿತು, ಅಷ್ಟರಲ್ಲಿ ನಾನು ಫೋನ್‌ನಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ.

ಆ ರಾತ್ರಿಯಿಂದ ಮೂರು ವಾರ ಆ ಒಂದು ಪುಟವನ್ನೇ ಬರೆದೆ. ಉತ್ತರ ಬಾರದಿದ್ದರೆ ಮತ್ತೆ ಕಳಿಸಬೇಡ. ಮೊದಲು ಅದೇ ಬ್ಯಾಚ್ ನಂಬರಿನ ಸ್ಥಿತಿ ಕೇಳು. ಆಗಿದೆ ಅಂತ ಬಂದರೂ ಅದನ್ನು ಬರೆದ ಬ್ಲಾಕ್ (ಲೆಕ್ಕದ ಪುಸ್ತಕದ ಒಂದು ಪುಟ ಅನ್ನಿ) ಗಟ್ಟಿಯಾಗುವ ತನಕ ಮುಗಿಯಿತು ಅಂತ ಲೆಕ್ಕ ಹಾಕಬೇಡ. ಇಥೀರಿಯಂನಲ್ಲಿ 12 ಸೆಕೆಂಡಿಗೊಂದು ಬ್ಲಾಕ್‌ಗೆ ಜಾಗ, ಬರೆದದ್ದು ಇನ್ನು ಅಳಿಸುವುದಿಲ್ಲ ಅನ್ನಲು ಸಾಮಾನ್ಯ ದಿನಗಳಲ್ಲಿ ಸುಮಾರು 13 ನಿಮಿಷ ಬೇಕು. ಕಳಿಸಲೇಬೇಕಾದರೆ ಹಳೆಯ ನಂಬರಿನಲ್ಲೇ ಕಳಿಸು. 'ಸಾಮಾನ್ಯವಾಗಿ', 'ಬಹುಶಃ', 'ಬೇಕಾದರೆ' ಅನ್ನುವ ಪದಗಳನ್ನೆಲ್ಲ ಹುಡುಕಿ ಹುಡುಕಿ ತೆಗೆದೆ. ಸಾಮಾನ್ಯವಾಗಿ ಅಂತ ಬರೆದರೆ ಏಜೆಂಟ್‌ಗೆ ಅದು ಅನುಮತಿಯ ಹಾಗೆ ಕೇಳಿಸುತ್ತೆ.

ಹಾಗೆ ಒಂದೊಂದೇ ಸಾಲು ತಟ್ಟಿ ನೋಡುತ್ತಾ ಹೋದರೆ ಇನ್ನೂ ಟೊಳ್ಳು ಜಾಗ ಸಿಕ್ಕವು. ಮೊತ್ತ ಅಂತ ಬರೆದಿದ್ದೆ, ಯಾವ ಅಳತೆಯಲ್ಲಿ ಅಂತ ಬರೆದಿರಲಿಲ್ಲ. ಕಾಂಟ್ರಾಕ್ಟ್‌ಗೆ ಮೊತ್ತವನ್ನು ಚುಕ್ಕಿ ಇಲ್ಲದ ಪೂರ್ಣ ಸಂಖ್ಯೆಯಲ್ಲೇ ಕೊಡಬೇಕು. ಯುಎಸ್‌ಡಿಸಿಗೆ ದಶಮಾಂಶದ ಆಚೆ 6 ಸ್ಥಾನ, ಬೇರೆ ಎಷ್ಟೋ ನಾಣ್ಯಗಳಿಗೆ 18. ಒಂದು ಡಾಲರ್ ಕಳಿಸಲು 1ರ ಮುಂದೆ ಆರು ಸೊನ್ನೆ ಹಾಕುವ ಬದಲು ಹದಿನೆಂಟು ಹಾಕಿದರೆ ಅದು ಒಂದು ಲಕ್ಷ ಕೋಟಿ ಡಾಲರ್. ಅಷ್ಟು ದುಡ್ಡು ಯಾರ ಹತ್ತಿರವೂ ಇರಲ್ಲ, ಅದಕ್ಕೇ ವ್ಯವಹಾರ ನಿಲ್ಲುತ್ತೆ, ಬಚಾವ್.

ಗಡುವಿನದು ಅಷ್ಟು ಸುಲಭ ಅಲ್ಲ. ಕಾಂಟ್ರಾಕ್ಟ್ ಹೊತ್ತನ್ನು 1970ರಿಂದ ಎಷ್ಟು ಸೆಕೆಂಡ್ ಅಂತ ಎಣಿಸುತ್ತೆ. ಏಜೆಂಟ್‌ಗಳನ್ನು ಬರೆಯಲು ಬಳಸುವ ಜಾವಾಸ್ಕ್ರಿಪ್ಟ್ ಮಿಲಿಸೆಕೆಂಡಿನಲ್ಲಿ ಎಣಿಸುತ್ತೆ. ಒಂದು ಸಾವಿರ ಪಟ್ಟು ವ್ಯತ್ಯಾಸ. ನಾಳೆ ಸಂಜೆಯ ಗಡುವು ಅಂತ ಮಿಲಿಸೆಕೆಂಡ್ ಸಂಖ್ಯೆ ಕೊಟ್ಟರೆ ಕಾಂಟ್ರಾಕ್ಟ್ ಅದನ್ನು ಸುಮಾರು 55 ಸಾವಿರ ವರ್ಷದ ನಂತರ ಅಂತ ಓದಿಕೊಳ್ಳುತ್ತೆ. ತಪ್ಪು ಅಂತ ಹೇಳುವುದಿಲ್ಲ, ದುಡ್ಡು ಒಳಗೆ ಕೂರುತ್ತೆ. ಕೆಲಸ ಬರದಿದ್ದರೆ ವಾಪಸ್ ತೆಗೆಯಲು ಅಷ್ಟು ವರ್ಷ ಕಾಯಬೇಕು.

ನಮ್ಮೂರಿನ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಹುಂಡಿ ಇದೆಯಲ್ಲ, ನೆಲದಲ್ಲಿ ತೋಡಿದ್ದು. ಹಾಕಿದ್ದನ್ನು ಇಲ್ಲಿಯ ತನಕ ಯಾರೂ ತೆಗೆದೇ ಇಲ್ಲ ಅಂತ ಊರಲ್ಲಿ ಹೇಳುತ್ತಾರೆ. ಚಿಕ್ಕಂದಿನಲ್ಲಿ ಅಜ್ಜಿ ಕೈಯಿಂದ ಕಾಸು ಹಾಕಿಸಿದ್ದರು, ಅದು ಕೆಳಗೆ ಬಿದ್ದ ಸದ್ದಿಗೆ ಕಾದದ್ದು ನೆನಪಿದೆ. ಬ್ಲಾಕ್‌ಚೈನ್‌ನಲ್ಲೂ ಅಂಥ ಹುಂಡಿಗಳಿವೆ. 2017ರ ನವೆಂಬರ್‌ನಲ್ಲಿ ಪ್ಯಾರಿಟಿ ಅನ್ನುವ ಕಂಪನಿಯ ಎಷ್ಟೋ ವ್ಯಾಲೆಟ್‌ಗಳು (ಡಿಜಿಟಲ್ ದುಡ್ಡಿನ ಪರ್ಸ್‌ಗಳು) ಹಂಚಿಕೊಂಡಿದ್ದ ಕೋಡನ್ನು ಒಬ್ಬರು ಅಳಿಸಿಬಿಟ್ಟರು, ಬೇಕಂತ ಮಾಡಿದ್ದಲ್ಲ ಅಂತ ಹೇಳಿಕೊಂಡರು. 5 ಲಕ್ಷಕ್ಕೂ ಹೆಚ್ಚು ಈಥರ್ (ಇಥೀರಿಯಂನ ನಾಣ್ಯ) ಒಳಗೇ ಸಿಕ್ಕಿಕೊಂಡಿತು. ಯಾರು ಬೇಕಾದರೂ ಇಣುಕಿ ನೋಡಬಹುದು, ಮುಟ್ಟಲು ಆಗುವುದಿಲ್ಲ. ಚೇಳಮ್ಮನಿಗೆ ಹಾಕುವವರು ವಾಪಸ್ ಬರಲಿ ಅಂತ ಹಾಕುವುದಿಲ್ಲ, ಅದೊಂದೇ ಸಮಾಧಾನ.

2016ರ ಜೂನ್‌ನ ದಿ ಡಿಎಒ (ಇಥೀರಿಯಂ ಮೇಲೆ ಕೋಡ್ ನಡೆಸುತ್ತಿದ್ದ ಹೂಡಿಕೆ ನಿಧಿ) ಕಥೆಯನ್ನೂ ಸುರಕ್ಷತೆಯ ಪುಟದಲ್ಲಿ ಹಾಕಿದೆ. ಆ ಕೋಡ್ ಮೊದಲು ದುಡ್ಡು ಕೊಟ್ಟು ಆಮೇಲೆ ಖಾತೆಯಲ್ಲಿ ಕಳೆಯುತ್ತಿತ್ತು. ಕಳೆಯುವ ಮುಂಚೆ ಮತ್ತೆ ಕೇಳಿದರೆ ಮತ್ತೆ ಕೊಡುತ್ತಿತ್ತು. ಹಾಗೆ ಕೇಳಿ ಕೇಳಿ 36 ಲಕ್ಷ ಈಥರ್ ಎಳೆದರು. ಚಿಕ್ಕಪ್ಪ ಇದನ್ನು ಪೂರ್ತಿ ಕೇಳಲೂ ಇಲ್ಲ. "ಮೊದ್ಲು ಬರಿ, ಆಮೇಲೆ ಕೊಡು. ಇದನ್ನ ಸೇರಿದ ದಿನಾನೇ ಹೇಳಿಕೊಡ್ತಾರಪ್ಪ."

ಒಂದು ವಿಷಯದಲ್ಲಿ ಮಾತ್ರ ಜಗಳವೇ ಆಯಿತು. ತಕರಾರು ಬಂದರೆ ಯಾರು ತೀರ್ಮಾನ ಮಾಡುತ್ತಾರೆ? ಅನುವಾದ ಮಾಡಿದ ಏಜೆಂಟ್ ಸರಿಯಾಗಿದೆ ಅನ್ನುತ್ತೆ, ಮಾಡಿಸಿಕೊಂಡದ್ದು ಸರಿಯಿಲ್ಲ ಅನ್ನುತ್ತೆ. ಅನುವಾದ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಕಾಂಟ್ರಾಕ್ಟ್‌ಗೆ ಗೊತ್ತಾಗುವುದಿಲ್ಲ, ಅದಕ್ಕೆ ಕಣ್ಣಿಲ್ಲ. ಕೋಡ್‌ನಲ್ಲಿ ಮಧ್ಯಸ್ಥರ ವಿಳಾಸ ಅಂತ ಒಂದು ಜಾಗ ಇದೆ. ಅಲ್ಲಿ ಯಾರು ಕೂತಿದ್ದಾರೆ ಅಂತ ಕೇಳಿದೆ. ಅದನ್ನು ಈಗ ಬರೆಯುವುದು ಬೇಡ, ವಿಕೇಂದ್ರೀಕೃತ ವ್ಯವಸ್ಥೆ ಅಂತ ಹಾಕಿ ಸಾಕು ಅಂದರು. ಮತ್ತೆ ಕೇಳಿದೆ. ಮೂರು ಜನ, ಮೂವರಲ್ಲಿ ಇಬ್ಬರು ಸಹಿ ಹಾಕಿದರೆ ಸಾಕು, ಮೂವರೂ ಕಂಪನಿಯವರೇ. ಅಲ್ಲಿಗೆ ಬೀಗ ಯಾರ ಕೈಯಲ್ಲೂ ಇಲ್ಲ ಅಂತ ನಾನು ಚಿಕ್ಕಪ್ಪನಿಗೆ ಹೇಳಿದ್ದೂ ಸುಳ್ಳಾಯಿತು. ಇದರಲ್ಲಿ ನಾಚಿಕೆ ಪಡುವುದೇನೂ ಇಲ್ಲ, ಮಂಡಿಯಲ್ಲೂ ಕೊನೆಗೆ ಸಾಹುಕಾರರೇ ಹೇಳುವುದು, ಆದರೆ ಅಲ್ಲಿ ಅವರ ಮುಖ ಎಲ್ಲರಿಗೂ ಗೊತ್ತಿರುತ್ತೆ. ಹದಿನೈದು ದಿನ ಎಳೆದಾಡಿ ಇದ್ದದ್ದು ಇದ್ದ ಹಾಗೆ ಬರೆದೆ. ಮೂರು ಜನ, ಇಬ್ಬರ ಸಹಿ, ಕಂಪನಿಯವರು. ಇನ್ನೂ ಯಾರೂ ಅಳಿಸಿಲ್ಲ.

ಪುಟ ಬದಲಾದ ಮೇಲೆ ಹೋದ ವಾರ ಅದೇ ಏಜೆಂಟನ್ನು ಮತ್ತೆ ಒಂದು ರಾತ್ರಿ ಬಿಟ್ಟರು. ಈ ಸಲ ಬೇಕಂತಲೇ ನೆಟ್‌ವರ್ಕ್ ನಿಧಾನ ಮಾಡಿದ್ದರು. ನನಗೆ ನಿದ್ದೆ ಸರಿಯಾಗಿ ಬರಲಿಲ್ಲ, ಬೆಳಗ್ಗೆ ಐದೂವರೆಗೇ ಎದ್ದು ಲಾಗ್ ತೆರೆದೆ. ಒಂದು ಬ್ಯಾಚ್ ಕಳಿಸಿತ್ತು. ಉತ್ತರ ಇಲ್ಲ. ಸ್ಥಿತಿ ಕೇಳಿತ್ತು, ಗೊತ್ತಿಲ್ಲ ಅಂತ ಬಂದಿತ್ತು. ಕಾದು ಮತ್ತೆ ಕೇಳಿತ್ತು. ನಾಲ್ಕು ಸಲ ಕೇಳಿ ಸುಮ್ಮನೆ ನಿಂತಿತ್ತು. ಕೊನೆಯ ಸಾಲು: ಸ್ಥಿತಿ ತಿಳಿಯುತ್ತಿಲ್ಲ, ಮತ್ತೆ ಕಳಿಸಿಲ್ಲ, ದಯವಿಟ್ಟು ಯಾರಾದರೂ ನೋಡಿ.

ಕೆಳಗೆ ಅಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದರು. ನಾನು ಬ್ಲಾಕ್‌ಚೈನ್ ಲೆಕ್ಕ ತೋರಿಸುವ ಎಕ್ಸ್‌ಪ್ಲೋರರ್ ತೆಗೆದು ಬ್ಯಾಚ್ ನಂಬರ್ ಹಾಕಿ ನೋಡಿದೆ. ಒಂದೇ ಸಲ ಹೋಗಿತ್ತು. ಮೂರು ಗಂಟೆಯ ಹಿಂದೆ.